ಬಾಕಿ ಬಾಡಿಗೆಗಿಂತ ಗಟ್ಟಿ ಆಧಾರ, ಮುಗಿದ ಕರಾರು

ಹನುಮಂತನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆಯಿದೆ. ಕೆಳಗೆ ಅವರು, ಮಹಡಿಯಲ್ಲಿ ಬಾಡಿಗೆಯವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಔಷಧಿ, ದಿನಸಿ, ಹಾಲು ಎಲ್ಲಕ್ಕೂ ಆ ಮಹಡಿಯ 16,000 ರೂಪಾಯಿಯೇ ಆಧಾರ. ಜನವರಿಯಿಂದ ಅದು ಬರುವುದು ನಿಂತಿತು. "ಮುಂದಿನ ತಿಂಗಳು ಎಲ್ಲಾ ಸೇರಿಸಿ ಹಾಕ್ತೀನಿ ಆಂಟಿ" ಅಂತ ಬಾಡಿಗೆಯವರು ಮೂರು ಸಲ ಹೇಳಿದರು. ಏಪ್ರಿಲ್ ಬಾಡಿಗೆಯೂ ಬರಲಿಲ್ಲ. ಬಾಕಿ 64,000 ಆಯಿತು.

ನಾನು ಹೋದ ದಿನ ಚಿಕ್ಕಮ್ಮನ ಮಗ ತಾರಸಿಯ ಮೇಲೆ ನಿಂತಿದ್ದ. ಟ್ಯಾಂಕಿನಿಂದ ಮಹಡಿ ಮನೆಗೆ ಇಳಿಯುವ ಪೈಪಿನ ವಾಲ್ವ್ ಮೇಲೆ ಅವನ ಕೈ ಇತ್ತು. "ಎರಡು ದಿನ ನೀರು ನಿಲ್ಲಿಸಿದರೆ ತಾವಾಗೇ ಹೋಗ್ತಾರೆ, ಅಲ್ವಾ?" ಅಂದ. ಅವನ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆದರೆ ಆ ವಾಲ್ವ್ ತಿರುಗಿಸಿದ್ದರೆ ಅವತ್ತಿನವರೆಗೂ ಚಿಕ್ಕಮ್ಮನ ಪರ ಇದ್ದ ಕಾನೂನು ಬಾಡಿಗೆಯವರ ಪರ ತಿರುಗುತ್ತಿತ್ತು. ಅವನನ್ನು ಕೆಳಗೆ ಕರೆದುಕೊಂಡು ಬಂದು, ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟಿದ್ದ ಅಗ್ರಿಮೆಂಟ್ ತೆಗೆಸಿದೆ. ಹಿಂದಿನ ವರ್ಷದ ಜೂನ್ 1ರಿಂದ ಹನ್ನೊಂದು ತಿಂಗಳು. ಅಂದರೆ ಏಪ್ರಿಲ್ 30ಕ್ಕೆ ಅವಧಿ ಮುಗಿಯುತ್ತಿತ್ತು. ಮೂರು ವಾರ ಬಾಕಿ.

ಇಂಥ ಸ್ಥಿತಿಯಲ್ಲಿ ಮನೆ ಮಾಲೀಕರ ಮನಸ್ಸು ಬಾಕಿ ದುಡ್ಡಿನ ಮೇಲೇ ಇರುತ್ತದೆ. ನಾಲ್ಕು ತಿಂಗಳು ಬಾಡಿಗೆ ಕೊಟ್ಟಿಲ್ಲ, ಇದಕ್ಕಿಂತ ದೊಡ್ಡ ಕಾರಣ ಬೇಕಾ ಅಂತ ಕೇಳುತ್ತಾರೆ. ಕೇಳುವುದು ಸಹಜ. ಆದರೆ ಕಾನೂನಿನಲ್ಲಿ ಬಾಡಿಗೆ ಬಾಕಿ ಸ್ವಲ್ಪ ಸಡಿಲವಾದ ಆಧಾರ. ಅವಧಿ ಮುಗಿದಿರುವುದು ಗಟ್ಟಿ ಆಧಾರ. ಇದೊಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಕಾಲ ಕಳೆದುಕೊಳ್ಳುತ್ತಾರೆ.

ಯಾಕೆ ಹೀಗೆ ಅಂತ ನೋಡೋಣ. ಮೊದಲು ನಮ್ಮ ಮನೆಗೆ ಯಾವ ಕಾಯ್ದೆ ಅನ್ವಯಿಸುತ್ತದೆ ಅಂತ ತಿಳಿಯಬೇಕು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದದ್ದು ಇದು. ಬಾಡಿಗೆ ವಿಷಯ ಎಂದರೆ ಎಲ್ಲರೂ ಇದನ್ನೇ ಹೇಳುತ್ತಾರೆ. ಆದರೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಕಾಯ್ದೆ ವ್ಯಾಪ್ತಿಯ ಉಳಿದ ಊರುಗಳಲ್ಲಿ ಈ ಮಿತಿ 2,000 ರೂಪಾಯಿ. ಇವತ್ತು 3,500ಕ್ಕೆ ಬೆಂಗಳೂರಿನಲ್ಲಿ ಒಂದು ರೂಮು ಸಿಗುವುದೂ ಕಷ್ಟ. ಹಾಗಾಗಿ ಹೊಸದಾಗಿ ಬಾಡಿಗೆಗೆ ಹೋಗುವ ಮನೆಗಳೆಲ್ಲ ಹೆಚ್ಚುಕಡಿಮೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ. ಬ್ರಿಟಿಷರ ಕಾಲದ ಆ ಕಾಯ್ದೆಯೇ ಇವತ್ತಿಗೂ ನಮ್ಮ ಅಪಾರ್ಟ್‌ಮೆಂಟುಗಳನ್ನು ಆಳುತ್ತಿದೆ.

ಬಾಡಿಗೆ ಕಾಯ್ದೆಯ ಕೆಳಗೆ ಬರುವ ಹಳೆಯ, ಕಡಿಮೆ ಬಾಡಿಗೆಯ ಮನೆಯಾದರೆ ಖಾಲಿ ಮಾಡಿಸಲು ಕಾಯ್ದೆ ಪಟ್ಟಿ ಮಾಡಿರುವ ಕಾರಣಗಳಲ್ಲಿ ಒಂದು ಇರಲೇಬೇಕು. ಬಾಕಿ ಅದರಲ್ಲೊಂದು. ಬಾಕಿ ಕೇಳಿ ನೋಟಿಸ್ ಕೊಟ್ಟು, ಎರಡು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಚಿಕ್ಕಮ್ಮನ ಮಹಡಿಗೆ ಇದು ಅನ್ವಯವಾಗಲಿಲ್ಲ.

1882ರ ಕಾಯ್ದೆಯಲ್ಲಿ ದಾರಿ ಬೇರೆ. ಅವಧಿ ಮುಗಿಯುವ ಮುಂಚೆಯೇ ಬಾಕಿಯ ಕಾರಣಕ್ಕೆ ಕರಾರು ಕಡಿಯಬೇಕಾದರೆ, 'ಬಾಡಿಗೆ ಕೊಡದಿದ್ದರೆ ಮಾಲೀಕರು ಮನೆ ವಾಪಸ್ ಪಡೆಯಬಹುದು' ಎಂಬ ಷರತ್ತು ಅಗ್ರಿಮೆಂಟಿನಲ್ಲಿ ಇರಬೇಕು. ಜೊತೆಗೆ ಕರಾರು ಕೊನೆಗೊಳಿಸುತ್ತಿದ್ದೇನೆ ಅಂತ ಲಿಖಿತ ನೋಟಿಸ್ ಬೇಕು. ಇಷ್ಟೆಲ್ಲ ಮಾಡಿ ಕೋರ್ಟಿಗೆ ಹೋದರೂ ಕಲಂ 114 ಬಾಡಿಗೆದಾರರಿಗೆ ಒಂದು ಬಾಗಿಲು ತೆರೆದಿಟ್ಟಿದೆ. ವಿಚಾರಣೆಯ ದಿನ ಬಾಕಿ, ಬಡ್ಡಿ, ಕೋರ್ಟ್ ಖರ್ಚು ಎಲ್ಲ ಕಟ್ಟಿದರೆ, ಇಲ್ಲವೇ 15 ದಿನದೊಳಗೆ ಕಟ್ಟುತ್ತೇನೆ ಅಂತ ಭದ್ರತೆ ಕೊಟ್ಟರೆ, ನ್ಯಾಯಾಧೀಶರು ಖಾಲಿ ಮಾಡಿಸುವ ಆದೇಶದ ಬದಲು ಬಾಡಿಗೆದಾರರನ್ನು ಉಳಿಸಬಹುದು. ಇದು ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಕೆಲಸ ಹೋದವರು, ಆಸ್ಪತ್ರೆಗೆ ದುಡ್ಡು ಸುರಿದವರು ಸಾವರಿಸಿಕೊಳ್ಳಲು ಒಂದು ಅವಕಾಶ ಬೇಕಲ್ವಾ. ಆದರೆ ಮಾಲೀಕರು ತಿಳಿಯಬೇಕಾದದ್ದು ಇಷ್ಟು: ಬಾಕಿ ಎನ್ನುವುದು ದುಡ್ಡು ಕಟ್ಟಿದರೆ ವಾಸಿಯಾಗುವ ಕಾಯಿಲೆ.

ಮುಗಿದ ಅವಧಿಗೆ ಅಂಥ ಮದ್ದಿಲ್ಲ. ಕಲಂ 111ರ ಪ್ರಕಾರ ಕರಾರಿನ ಕೊನೆಯ ದಿನ ಕಳೆದರೆ ಬಾಡಿಗೆ ಸಂಬಂಧ ತಾನಾಗಿಯೇ ಮುಗಿಯುತ್ತದೆ. ಅದಕ್ಕೆ ಪ್ರತ್ಯೇಕ ನೋಟಿಸ್ ಕೂಡ ಬೇಕಾಗಿಲ್ಲ. ಬಾಡಿಗೆದಾರರು ಆಮೇಲೆ ಅಷ್ಟೂ ಬಾಕಿ ತಂದು ಮೇಜಿನ ಮೇಲಿಟ್ಟರೂ ಮುಗಿದ ಕರಾರು ಮತ್ತೆ ಜೀವ ಪಡೆಯುವುದಿಲ್ಲ. ಅದಕ್ಕೇ ಕೊನೆಯ ದಿನ ಹತ್ತಿರವಿದ್ದಾಗ ಬಾಕಿಯನ್ನು ಮುಂದಿಟ್ಟು ಕರಾರು ಕಡಿಯಲು ಹೋಗುವುದು ದಡ್ಡತನ. ಮೂರು ವಾರ ಕಾಯುವುದೇ ಜಾಣತನ. ಬಾಕಿ ಎಲ್ಲಿಗೂ ಹೋಗುವುದಿಲ್ಲ. ಅದನ್ನು ದುಡ್ಡಿನ ಲೆಕ್ಕವಾಗಿ ಕೇಳಬಹುದು, ಬಾಡಿಗೆ ಕೊಡಬೇಕಾದ ದಿನದಿಂದ ಮೂರು ವರ್ಷದೊಳಗೆ.

ಚಿಕ್ಕಮ್ಮ ಮಾಡಿದ್ದೂ ಅದನ್ನೇ. ಏಪ್ರಿಲ್ ಎರಡನೇ ವಾರದಲ್ಲಿ ಕೈಯಲ್ಲೇ ಒಂದು ಪತ್ರ ಬರೆದರು. '30ನೇ ತಾರೀಖಿಗೆ ನಮ್ಮ ಕರಾರು ಮುಗಿಯುತ್ತದೆ. ನಾನು ಮುಂದುವರಿಸುವುದಿಲ್ಲ. ಅಂದು ಮನೆ ಬಿಟ್ಟುಕೊಡಿ. ಬಾಕಿ 64,000 ರೂಪಾಯಿ.' ಇಷ್ಟೇ. ನೋಟಿಸ್ ಬೇಡದ ಕಡೆ ಪತ್ರ ಯಾಕೆ ಅಂತ ಕೇಳಬಹುದು. ಅವಧಿ ಮುಗಿದ ಮೇಲಿನ ದಿನಗಳಲ್ಲೇ ಮಾಲೀಕರು ಎಡವುವುದು ಜಾಸ್ತಿ. ಅದಕ್ಕೆ.

ಕಲಂ 116 ಹೇಳುವುದು ಹೀಗೆ: ಅವಧಿ ಮುಗಿದ ಮೇಲೂ ಬಾಡಿಗೆದಾರರು ಉಳಿದುಕೊಂಡು, ಮಾಲೀಕರು ಅವರಿಂದ ಬಾಡಿಗೆ ತೆಗೆದುಕೊಂಡರೆ ಅಥವಾ ಬೇರೆ ರೀತಿಯಲ್ಲಿ ಒಪ್ಪಿಗೆ ತೋರಿಸಿದರೆ, ವಾಸದ ಮನೆಯ ಕರಾರು ತಿಂಗಳಿಂದ ತಿಂಗಳಿಗೆ ಅಂತ ಮುಂದುವರಿಯುತ್ತದೆ. ಆಗ ಅವಧಿ ಮುಗಿಯಿತು ಎಂಬ ಗಟ್ಟಿ ಆಧಾರ ಕೈಜಾರುತ್ತದೆ.

ಹಿಂದೆ ಬಾಡಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಬೇಡ ಅಂದರೆ ಕೈ ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಈಗ ದುಡ್ಡು ಕೇಳದೆಯೇ ಬಂದು ಬೀಳುತ್ತದೆ. ಮೇ 8ರ ರಾತ್ರಿ ಚಿಕ್ಕಮ್ಮನ ಫೋನು 'ಟಿಂಗ್' ಅಂದಿತು. ಮಹಡಿಯವರಿಂದ 16,000. ಕೆಳಗೆ 'ಮೇ ರೆಂಟ್' ಅಂತ ಒಂದು ಸಾಲು. ನಾಲ್ಕು ತಿಂಗಳ ಬಾಕಿ ಹಾಗೇ ಇರುವಾಗ ಹೊಸ ತಿಂಗಳ ಬಾಡಿಗೆ ಮಾತ್ರ ಯಾಕೆ ಬಂತು? ಯಾರೋ ತಿಳಿದವರು ಹೇಳಿಕೊಟ್ಟಿರಬಹುದು, ಅಥವಾ ಪಾಪ, ಅವರಿಗೆ ಅಷ್ಟೇ ಹೊಂದಿರಬಹುದು. ಎರಡೂ ಸಾಧ್ಯ. ಕಾನೂನಿನಲ್ಲಿ ಪರಿಣಾಮ ಒಂದೇ ಆಗಬಹುದು.

ಅವತ್ತೇ ರಾತ್ರಿ ಚಿಕ್ಕಮ್ಮ ವಾಟ್ಸಾಪಿನಲ್ಲಿ ಉತ್ತರ ಹಾಕಿದರು. 'ನೀವು ಕಳಿಸಿದ 16,000 ರೂಪಾಯಿಯನ್ನು ಜನವರಿಯ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ. ಕರಾರು ಏಪ್ರಿಲ್ 30ಕ್ಕೆ ಮುಗಿದಿದೆ, ಮುಂದುವರಿಸಿಲ್ಲ.' ಈ ಎರಡು ಸಾಲಿನ ಬೆಲೆ ತುಂಬಾ ದೊಡ್ಡದು. ಅವಧಿ ಮುಗಿದ ಮೇಲೆ ದುಡ್ಡು ತೆಗೆದುಕೊಂಡ ಮಾತ್ರಕ್ಕೆ ಕರಾರಿಗೆ ಒಪ್ಪಿದ ಹಾಗಲ್ಲ ಅಂತ ಸುಪ್ರೀಂ ಕೋರ್ಟ್ 2005ರ ಒಂದು ತೀರ್ಪಿನಲ್ಲಿ ಹೇಳಿದೆ. ನೋಟಿಸ್ ಕೊಟ್ಟ ಮೇಲೆ ಬಾಡಿಗೆ ಸ್ವೀಕರಿಸಿದರೆ ನೋಟಿಸ್ ತಾನಾಗಿ ಬಿದ್ದುಹೋಗುವುದಿಲ್ಲ ಅಂತ 2006ರಲ್ಲೂ ಹೇಳಿದೆ. ಮಾಲೀಕರ ಮನಸ್ಸಿನಲ್ಲಿ ಏನಿತ್ತು ಎಂಬುದು ಮುಖ್ಯ. ಆದರೆ ಮನಸ್ಸಿನಲ್ಲಿದ್ದದ್ದು ಕೋರ್ಟಿಗೆ ಕಾಣುವುದು ಬರೆದಿಟ್ಟರೆ ಮಾತ್ರ. ಆರು ತಿಂಗಳು ತೆಪ್ಪಗೆ ದುಡ್ಡು ಜೇಬಿಗಿಳಿಸಿ ಆಮೇಲೆ 'ನಾನು ಒಪ್ಪಿರಲಿಲ್ಲ' ಎಂದರೆ ಯಾರು ನಂಬುತ್ತಾರೆ?

ಹಾಗೆ ತೆಪ್ಪಗಿದ್ದವರೇ ಜಾಸ್ತಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಒಂದು ಸಲ ಮಾಡಿಸಿ ನಾಲ್ಕು ವರ್ಷ ಅದರ ಮೇಲೇ ನಡೆಸುತ್ತಾರೆ. ಅಂಥವರಿಗೂ ದಾರಿ ಮುಚ್ಚಿಲ್ಲ. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು ಕಲಂ 106ರಂತೆ 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಕಾರಣ ಹೇಳಬೇಕಾಗಿಲ್ಲ. ಅಗ್ರಿಮೆಂಟಿನಲ್ಲಿ ಒಂದು ತಿಂಗಳು, ಎರಡು ತಿಂಗಳು ಅಂತ ಬೇರೆ ಗಡುವು ಬರೆದಿದ್ದರೆ ಅದನ್ನು ಪಾಲಿಸಬೇಕು. ನೋಟಿಸ್ ತಲುಪಿದ ದಿನದಿಂದ ದಿನ ಎಣಿಕೆ. ಮುಂಚೆ ಇದರಲ್ಲಿ ಒಂದು ದಿನ ತಪ್ಪಿದರೂ ಇಡೀ ದಾವೆ ಬಿದ್ದುಹೋಗುತ್ತಿತ್ತು. 2002ರ ತಿದ್ದುಪಡಿ ಅದನ್ನು ಸರಿಮಾಡಿತು. ಈಗ ನೋಟಿಸಿನಲ್ಲಿ ದಿನ ಕಡಿಮೆ ಬರೆದಿದ್ದರೂ, ದಾವೆ ಹಾಕುವ ಹೊತ್ತಿಗೆ 15 ದಿನ ಕಳೆದಿದ್ದರೆ ಸಾಕು.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. 'ಬಾಕಿ ಕಟ್ಟಿ, ಇಲ್ಲದಿದ್ದರೆ ಖಾಲಿ ಮಾಡಿ' ಅಂತ ನೋಟಿಸ್ ಬರೆಯುತ್ತಾರೆ. ಆಗ ಬಾಕಿ ಕಟ್ಟಿದವರು 'ಅವರೇ ಹೇಳಿದ ಹಾಗೆ ಕಟ್ಟಿದೆನಲ್ಲ' ಎನ್ನುತ್ತಾರೆ. ಕರಾರು ಮುಗಿಸುತ್ತಿದ್ದೇನೆ ಎಂಬ ಮಾತು ನೋಟಿಸಿನಲ್ಲಿ ನೇರವಾಗಿ, 'ಆದರೆ-ಹೋದರೆ' ಇಲ್ಲದೆ ಇರಬೇಕು. ಬಾಕಿಯ ಲೆಕ್ಕ ಬೇರೆ ಪ್ಯಾರಾದಲ್ಲಿ ಇರಲಿ. ಅಂಚೆಯಲ್ಲಿ ತಲುಪಿದ ಪುರಾವೆ ಸಿಗುವ ಹಾಗೆ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಕೌಂಟರಿನಲ್ಲಿ ಕೇಳಿ ಮಾಡಿಸಿ. 'ತೆಗೆದುಕೊಳ್ಳಲು ನಿರಾಕರಿಸಿದರು' ಅಂತ ಕವರು ವಾಪಸ್ ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಒಡೆಯಲೂಬೇಡಿ. ವಿಳಾಸ ಸರಿಯಿದ್ದು ನಿರಾಕರಿಸಿದರೆ ತಲುಪಿದ ಹಾಗೇ ಲೆಕ್ಕ. ಮುಚ್ಚಿದ ಆ ಕವರೇ ಸಾಕ್ಷಿ.

ಚಿಕ್ಕಮ್ಮನ ವಕೀಲರು ಅವಧಿ ಮುಗಿದಿದ್ದರೂ ಮೇ ತಿಂಗಳಲ್ಲಿ 15 ದಿನದ ನೋಟಿಸನ್ನೂ ಕಳಿಸಿದರು. 16,000ದ ಕಾರಣಕ್ಕೆ ನಾಳೆ ಯಾರಾದರೂ ಕರಾರು ಮುಂದುವರಿದಿದೆ ಅಂತ ವಾದಿಸಿದರೆ ಅದಕ್ಕೂ ಉತ್ತರ ಇರಲಿ ಅಂತ.

ಅಗ್ರಿಮೆಂಟಿನ ಬಗ್ಗೆಯೂ ಒಂದು ಮಾತು. ಹನ್ನೊಂದೇ ತಿಂಗಳು ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ನೋಂದಾಯಿಸದೆ ಮೂರು ವರ್ಷಕ್ಕೆ ಬರೆಸಿಕೊಂಡರೆ ಏನಾಗುತ್ತದೆ? ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಆ ಕಾಗದದ ಮೂರು ವರ್ಷಕ್ಕೆ ಬೆಲೆಯಿಲ್ಲ. ಆದರೆ ಮನೆ ಬಿಟ್ಟುಕೊಟ್ಟು ಬಾಡಿಗೆ ಪಡೆದದ್ದು ನಿಜ, ಆದ್ದರಿಂದ ಅದು ತಿಂಗಳಿಂದ ತಿಂಗಳಿನ ಬಾಡಿಗೆ. ಅಂದರೆ 'ಮೂರು ವರ್ಷ ನನ್ನನ್ನು ಕದಲಿಸುವಂತಿಲ್ಲ' ಅಂತ ಬಾಡಿಗೆದಾರರು ಹೇಳುವ ಹಾಗಿಲ್ಲ. ಮಾಲೀಕರೂ 15 ದಿನದ ನೋಟಿಸ್ ಕೊಡದೆ ಹೋಗುವಂತಿಲ್ಲ. ಸ್ಟಾಂಪ್ ಕಡಿಮೆ ಹಾಕಿದ್ದರೆ ಇನ್ನೊಂದು ತಲೆನೋವು. ಕೋರ್ಟಿಗೆ ಹಾಜರುಪಡಿಸಿದಾಗ ಆ ಕಾಗದವನ್ನು ತಡೆಹಿಡಿಯುತ್ತಾರೆ. ಕಡಿಮೆ ಬಿದ್ದ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದರೇ ಅದನ್ನು ಸಾಕ್ಷ್ಯವಾಗಿ ನೋಡುವುದು.

ವಾಲ್ವ್ ವಿಷಯಕ್ಕೆ ಬರೋಣ. ಅವಧಿ ಮುಗಿದಿದೆ, ಬಾಡಿಗೆ ಬಂದಿಲ್ಲ, ಮನೆ ನನ್ನದು. ಹಾಗಿದ್ದರೂ ಬೀಗ ಬದಲಾಯಿಸುವ, ಸಾಮಾನು ಹೊರಗಿಡುವ, ನೀರು ಕರೆಂಟ್ ನಿಲ್ಲಿಸುವ ಹಕ್ಕು ಮಾಲೀಕರಿಗೆ ಇಲ್ಲ. ಒಮ್ಮೆ ನೆಲೆಯಾಗಿ ಕೂತವರನ್ನು, ಅವರ ಹಕ್ಕು ಮುಗಿದಿದ್ದರೂ, ಕೋರ್ಟಿನ ಮೂಲಕವೇ ಎಬ್ಬಿಸಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬಲವಂತವಾಗಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರ ಕೆಳಗೆ ಆರು ತಿಂಗಳೊಳಗೆ ದಾವೆ ಹಾಕಿ ಅವರು ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯನ್ನೇ ಕೋರ್ಟ್ ಕೇಳುವುದಿಲ್ಲ. ನಾಲ್ಕು ತಿಂಗಳ ಬಾಕಿ ಇಟ್ಟವರು ತಡೆಯಾಜ್ಞೆ ಹಿಡಿದು ಬರುತ್ತಾರೆ, ತಪ್ಪಿತಸ್ಥರಾಗಿ ನಿಲ್ಲುವುದು ಮನೆಯವರು.

ಪೊಲೀಸ್ ಠಾಣೆಗೆ ಹೋಗುವುದೂ ಅಷ್ಟೇ. ಬಾಡಿಗೆ ಕೊಡದಿರುವುದು ಅಪರಾಧವಲ್ಲ, ಸಿವಿಲ್ ವ್ಯಾಜ್ಯ ಅಂತ 2022ರಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಅನ್ನೇ ರದ್ದು ಮಾಡಿತು. ಠಾಣೆಯಲ್ಲಿ ಕೂರಿಸಿ 'ಸೆಟ್ಲ್' ಮಾಡಿಸುವುದು ಕೆಲವು ಕಡೆ ನಡೆಯುತ್ತದೆ. ಅದನ್ನು ನಂಬಿ ಕೂತರೆ ನೋಟಿಸ್ ಕೊಡಬೇಕಾದ ತಿಂಗಳು ಕಳೆದುಹೋಗುತ್ತದೆ.

ಹಾಗಾದರೆ ಕೋರ್ಟಿನಲ್ಲಿ ಏನು? ಬೆಂಗಳೂರಿನಲ್ಲಿ ಇಂಥ ದಾವೆಗಳು ಲಘು ವ್ಯವಹಾರ ನ್ಯಾಯಾಲಯಕ್ಕೆ, ಅಂದರೆ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತವೆ. ಕೋರ್ಟ್ ಶುಲ್ಕ ಮನೆಯ ಬೆಲೆಯ ಮೇಲಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ. ಇದು ಗೊತ್ತಿಲ್ಲದೆ ಶುಲ್ಕಕ್ಕೆ ಹೆದರಿ ಹಿಂಜರಿಯುವವರಿದ್ದಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರೂ ಸಿಗುತ್ತಾರೆ. ಕೇಸು ಎಳೆಯುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಬೇಗ ಮುಗಿಸಲು ಒಂದು ಕೀಲಿಯಿದೆ. ನಾನು ಬಾಡಿಗೆದಾರ, ಬಾಡಿಗೆ 3,500ಕ್ಕಿಂತ ಜಾಸ್ತಿ, ನೋಟಿಸ್ ತಲುಪಿದೆ: ಈ ಮೂರನ್ನೂ ಎದುರಾಳಿ ಒಪ್ಪಿಕೊಂಡಿದ್ದರೆ, ಪೂರ್ತಿ ಸಾಕ್ಷಿ ವಿಚಾರಣೆಗೆ ಕಾಯದೆ ಅಷ್ಟರ ಮೇಲೇ ತೀರ್ಪು ಕೊಡಿ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 12, ನಿಯಮ 6ರ ಕೆಳಗೆ ಕೇಳಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಅಲ್ಲೂ ಅಷ್ಟೇ, ಕಾಗದ ಸರಿಯಿದ್ದವರ ದಾರಿ ಚಿಕ್ಕದು.

ಇನ್ನೊಂದು ವಿಷಯ ಬಾಡಿಗೆದಾರರೂ ತಿಳಿಯಬೇಕು. ಕರಾರು ಮುಗಿದ ಮೇಲೆ ಉಳಿದರೆ ಹಳೆಯ ಬಾಡಿಗೆ ಕಟ್ಟಿದರೆ ಸಾಕು ಅಂತಿಲ್ಲ. ಆ ದಿನಗಳಿಗೆ ಮಾರುಕಟ್ಟೆ ದರದಲ್ಲಿ ನಷ್ಟ ಪರಿಹಾರ ಕೊಡಿಸಬಹುದು. ಸೋತು ಮೇಲ್ಮನವಿಗೆ ಹೋಗಿ ತಡೆ ಕೇಳಿದರೂ, ಮಾರುಕಟ್ಟೆ ಬಾಡಿಗೆ ಕಟ್ಟುವ ಷರತ್ತಿನ ಮೇಲೆ ಮಾತ್ರ ತಡೆ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2004ರ ಡಿಸೆಂಬರಿನಲ್ಲೇ ಹೇಳಿದೆ.

ಬಾಡಿಗೆಯವರ ಕಡೆಯಿಂದ ಹೇಳದಿದ್ದರೆ ಇದು ಅರ್ಧ ಮಾತಾಗುತ್ತದೆ. ಬೆಂಗಳೂರಿನಲ್ಲಿ ಕೊನೆಯ ಮೂರು ನಾಲ್ಕು ತಿಂಗಳು ಬಾಡಿಗೆ ನಿಲ್ಲಿಸುವವರೆಲ್ಲ ಮೋಸ ಮಾಡುವವರಲ್ಲ. ಅಡ್ವಾನ್ಸ್ ವಾಪಸ್ ಬರುತ್ತದೆಂಬ ನಂಬಿಕೆ ಅವರಿಗಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಅಂತ ಇಸ್ಕೊಂಡು, ಖಾಲಿ ಮಾಡುವ ದಿನ ಬಣ್ಣ, ಗೀರು, ಮೊಳೆ ಅಂತ ಮುರಿದುಕೊಂಡು, ಉಳಿದದ್ದಕ್ಕೆ 'ಹೊಸ ಬಾಡಿಗೆಯವರು ಬಂದ ಮೇಲೆ ಕೊಡ್ತೀನಿ' ಎನ್ನುವ ಮಾಲೀಕರನ್ನು ನಾನೇ ಕಂಡಿದ್ದೇನೆ. ಆ ಅಭ್ಯಾಸವೇ ಈ ಅಭ್ಯಾಸವನ್ನು ಹುಟ್ಟಿಸಿದೆ. ಇದು ಭೋಗ್ಯದ ಮನೆಯಲ್ಲಿ ಇನ್ನೂ ಕಷ್ಟ. ಅಲ್ಲಿ ತಿಂಗಳ ಬಾಡಿಗೆಯೇ ಇಲ್ಲ, ಲಕ್ಷಗಟ್ಟಲೆ ದುಡ್ಡು ಮಾಲೀಕರ ಹತ್ತಿರ ಇರುತ್ತದೆ. ಅದನ್ನು ಹೊಂದಿಸದೆ ಖಾಲಿ ಮಾಡಿ ಎಂದರೆ ಅವರಾದರೂ ಎಲ್ಲಿಗೆ ಹೋಗಬೇಕು?

2021ರ ಜೂನಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಎರಡೂ ಕಡೆಯ ನೋವಿಗೆ ಕೈಹಾಕಿತ್ತು. ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ. ಅವಧಿ ಮೀರಿ ಉಳಿದರೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ನೀರು, ಕರೆಂಟ್ ನಿಲ್ಲಿಸುವಂತಿಲ್ಲ. ಇದು ಮಾದರಿ ಮಾತ್ರ, ರಾಜ್ಯ ತನ್ನ ಕಾಯ್ದೆಯಾಗಿ ತಂದರಷ್ಟೇ ಜಾರಿ. ನನ್ನ ಮಟ್ಟಿಗೆ ಇದರಲ್ಲಿ ಮೊದಲು ಬೇಕಾದದ್ದು ಅಡ್ವಾನ್ಸ್ ಮಿತಿ. ಅದೊಂದು ಬಂದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಚಿಕ್ಕಮ್ಮನ ಕೈಯಲ್ಲಿದ್ದ ಅಡ್ವಾನ್ಸ್ 1,00,000. ಏಪ್ರಿಲ್ ಕೊನೆಗೆ 64,000 ಬಾಕಿ ಕಳೆದರೆ 36,000. ಬಣ್ಣಕ್ಕೆ ಅಂತ ಅಗ್ರಿಮೆಂಟಿನಲ್ಲಿದ್ದ ಒಂದು ತಿಂಗಳ ಬಾಡಿಗೆ ಕಳೆದರೆ 20,000. ಅಂದರೆ ಒಂದು ತಿಂಗಳು, ಒಂದು ವಾರದ ಬಾಡಿಗೆಗೆ ಮಾತ್ರ ಸಾಕಾಗುವಷ್ಟು. ಅದಾದ ಮೇಲೆ ಪ್ರತಿ ದಿನವೂ ಅವರ ಕೈಯಿಂದ ಹೋಗುವುದೇ. ಎಲ್ಲ ಮಾಲೀಕರೂ ಈ ಲೆಕ್ಕವನ್ನು ಮೊದಲ ತಿಂಗಳು ಬಾಡಿಗೆ ತಪ್ಪಿದಾಗಲೇ ಹಾಕಬೇಕು. ಅಡ್ವಾನ್ಸ್ ಇದೆಯಲ್ಲ ಅಂತ ಸುಮ್ಮನಿದ್ದು, ಅದು ಕರಗಿದ ಮೇಲೆ ಎಚ್ಚರಾಗುವವರೇ ಹೆಚ್ಚು. ಅಡ್ವಾನ್ಸ್ ಬಾಕಿಗಿಂತ ದೊಡ್ಡದಾಗಿ ಇದ್ದಾಗ 'ನಮ್ಮ ದುಡ್ಡೇ ನಿಮ್ಮಲ್ಲಿದೆ, ಬಾಕಿ ಎಲ್ಲಿಂದ ಬಂತು' ಅಂತ ಬಾಡಿಗೆದಾರರ ವಕೀಲರು ಮೊದಲ ದಿನವೇ ಕೇಳುತ್ತಾರೆ. ಅವಧಿಯ ಆಧಾರ ಹಿಡಿದವರಿಗೆ ಈ ಪ್ರಶ್ನೆ ತಾಗುವುದಿಲ್ಲ.

ನೋಟಿಸ್ ತಲುಪಿದ ಮೇಲೆ ಮಹಡಿಯವರು ಕೆಳಗಿಳಿದು ಬಂದರು. ಡಿಸೆಂಬರಿನಲ್ಲಿ ಅಂಗಡಿ ಮುಚ್ಚಿದ್ದನ್ನು ಅವತ್ತೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. "ಜೂನ್ 15ರವರೆಗೆ ಟೈಮ್ ಕೊಡಿ ಆಂಟಿ" ಅಂದರು. ಚಿಕ್ಕಮ್ಮ ಒಪ್ಪಿದರು, ಆದರೆ ಬರೆದುಕೊಡಿ ಅಂದರು. ಅದು ಹೊಸ ಬಾಡಿಗೆ ಅಲ್ಲ, ಖಾಲಿ ಮಾಡಲು ಕೊಟ್ಟ ಸಮಯ ಅಂತ ಒಂದು ಸಾಲು ಸೇರಿಸಿ ಇಬ್ಬರೂ ಸಹಿ ಹಾಕಿದರು. ಮನೆಯಲ್ಲಿ ಹೀಗೆ ಮಾತು ಕೂಡದಿದ್ದರೆ ಲೋಕ ಅದಾಲತ್ ಇದೆ. ದಾವೆ ಹಾಕುವ ಮುಂಚೆಯೇ ಅಲ್ಲಿಗೆ ಹೋಗಬಹುದು, ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬೆಲೆ.

ಜೂನ್ 15ರ ಬೆಳಿಗ್ಗೆ ಮಹಡಿಯ ಖಾಲಿ ಹಾಲಿನಲ್ಲಿ ನಿಂತು ಲೆಕ್ಕ ಮಾಡಿದೆವು. ಹಳೆಯ ಬಾಕಿ 48,000, ಮೇ 16,000, ಜೂನ್ ಅರ್ಧ 8,000, ಬಣ್ಣ 16,000. ಒಟ್ಟು 88,000. ಉಳಿದದ್ದು 12,000. ಬೆಸ್ಕಾಂ ಬಿಲ್ಲು 1,140 ಕಳೆದು 10,860 ರೂಪಾಯಿಯನ್ನು ಚಿಕ್ಕಮ್ಮ ಅಲ್ಲೇ ಅವರ ಖಾತೆಗೆ ಹಾಕಿಸಿದರು. ಮೀಟರ್ ರೀಡಿಂಗಿನ ಫೋಟೊ ತೆಗೆದೆವು. ಒಂದು ಹಾಳೆಯಲ್ಲಿ 'ಮನೆ ಬಿಟ್ಟುಕೊಟ್ಟಿದ್ದೇನೆ, ಮೂರು ಕೀ ಒಪ್ಪಿಸಿದ್ದೇನೆ, ಇನ್ನು ಯಾವ ಬಾಕಿಯೂ ಇಲ್ಲ' ಅಂತ ಬರೆದು, ತಾರೀಖು ಹಾಕಿ, ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಂಡರು. ಚಿಕ್ಕಮ್ಮನ ಪ್ರತಿ ಈಗ ಅದೇ ಬೀರುವಿನಲ್ಲಿ, ಅಗ್ರಿಮೆಂಟಿನ ಜೊತೆಗಿದೆ.